ಭಾವನ ತುಕ್ಕು ವಾಚುಗಳು

ನನ್ನ ಅಕ್ಕನ ಗಂಡನಿಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವರ ಬೀರುವಿನಲ್ಲಿ ಮಲಗಿರುವ ಹದಿನಾಲ್ಕು ಕೈಗಡಿಯಾರಗಳೂ ನೀರಿನ ತಳಕ್ಕಿಳಿದು ಕೆಲಸ ಮಾಡುವವರಿಗಾಗಿ ತಯಾರಾದವು. ಇನ್ನೂರು ಮೀಟರ್ ಆಳದಲ್ಲೂ ಒಂದು ಹನಿ ಒಳಗೆ ಬಿಡುವುದಿಲ್ಲ ಎಂದು ಬೆನ್ನ ಮೇಲೆ ಕೊರೆಸಿಕೊಂಡಿರುವ ಆ ವಾಚುಗಳನ್ನು ಭಾವ ಕೈ ತೊಳೆಯುವ ಮೊದಲು ಬಿಚ್ಚಿ ಕಿಟಕಿಯ ದಂಡೆಯ ಮೇಲಿಡುತ್ತಾರೆ. ಮಕ್ಕಳ ಜೊತೆ ಸಮುದ್ರದ ದಡಕ್ಕೆ ಹೋದರೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಪಾದ ಒದ್ದೆಯಾಗುತ್ತಲೇ “ಸಾಕು ಸಾಕು, ನೀರು ಎಳೀತಾ ಇದೆ” ಎಂದು ಹಿಂದಕ್ಕೆ ಓಡಿ ಬರುವ ಮನುಷ್ಯ.

ಹವ್ಯಾಸ ಯಾರಿಗಿಲ್ಲ? ಒಬ್ಬರು ಅಂಚೆಚೀಟಿ ಅಂಟಿಸುತ್ತಾರೆ, ಇನ್ನೊಬ್ಬರು ಪಾರಿವಾಳ ಸಾಕುತ್ತಾರೆ. ಭಾವನದು ಬೇರೆಯೇ ಜಾತಿ. ಅವರಿಗೆ ಹಳೆಯ ಡೈವ್ ವಾಚು ಬೇಕು, ಅದೂ ಮೂಲ ಸ್ಥಿತಿಯಲ್ಲಿ. ಮೂಲ ಸ್ಥಿತಿ ಎಂದರೆ ಫಳಫಳ ಹೊಳೆಯುವುದು ಎಂದುಕೊಂಡರೆ ನೀವು ನನ್ನಷ್ಟೇ ದಡ್ಡರು. ಗಾಜು ಗೀಚಿ ಮಂಜಾಗಿರಬೇಕು. ಕಪ್ಪು ಡಯಲ್ ಬಿಸಿಲಿಗೋ ಉಪ್ಪಿಗೋ ಕಂದಿ ಕಾಫಿ ಕಲೆಯ ಬಣ್ಣಕ್ಕೆ ತಿರುಗಿರಬೇಕು. ಕತ್ತಲಲ್ಲಿ ಹೊಳೆಯಲೆಂದು ಮುಳ್ಳುಗಳಿಗೆ ತುಂಬಿದ ಬಣ್ಣ ಹಳದಿಗಟ್ಟಿ ಉದುರುತ್ತಿರಬೇಕು. ಇದೆಲ್ಲ ತಾನಾಗಿಯೇ ಆಗಿರಬೇಕು. ನನ್ನಂಥ ರಿಪೇರಿಯವನ ಕೈ ಒಮ್ಮೆ ಬಿದ್ದಿದೆ, ಪಾಲಿಶ್ ಚಕ್ರಕ್ಕೆ ಒಮ್ಮೆ ತಾಗಿದೆ ಎಂದು ಗೊತ್ತಾದರೆ ಸಾಕು, ಚಿನ್ನದ್ದಾದರೂ ಮೂಸಿ ನೋಡುವುದಿಲ್ಲ. ತುಕ್ಕು ಹಿಡಿದದ್ದಕ್ಕೆ ಮರ್ಯಾದೆ, ತಿಕ್ಕಿ ತೊಳೆದದ್ದಕ್ಕೆ ಛೀಮಾರಿ.

ನನ್ನ ಸಂಕಟ ಈಗ ನಿಮಗೆ ಅರ್ಥವಾಗಬೇಕು. ನಾನು ವಾಚ್ ರಿಪೇರಿಯವನು. ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ ಮೂವತ್ತೊಂದು ವರ್ಷದಿಂದ ಕೂತಿದ್ದೇನೆ. ಒಂದು ಮೇಜು, ಒಂದು ದೀಪ, ಗಿರಾಕಿಗೆ ಒಂದು ಸ್ಟೂಲು. ನಿಂತ ವಾಚು ಓಡಬೇಕು, ಮಸುಕಾದದ್ದು ಮಿಂಚಬೇಕು, ಇದಕ್ಕೇ ಜನ ನನ್ನಲ್ಲಿಗೆ ಬರುವುದು. ಅಂಥವನ ಅಂಗಡಿಗೆ ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಭಾವ ಬಂದು ಆ ಇದ್ದೊಂದು ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಕರವಸ್ತ್ರದ ಗಂಟು ತೆಗೆದು, ಅದರೊಳಗಿನ ಸತ್ತ ವಾಚನ್ನು ನನ್ನ ಮುಂದಿಡುತ್ತಾರೆ.

“ಬರೀ ಬಿಚ್ಚು. ನೋಡು. ಮುಚ್ಚು,” ಎನ್ನುತ್ತಾರೆ.

“ಎಣ್ಣೆ ಒಣಗಿ ಅಂಟಾಗಿದೆ ಭಾವ. ಒಂದೇ ಒಂದು ಹನಿ ಬಿಟ್ರೆ ಓಡುತ್ತೆ.”

“ಬೇಡ.”

“ಧೂಳಾದ್ರೂ ಊದ್ಲಾ?”

“ಅದು ಆ ಕಾಲದ ಧೂಳು. ಇರ್ಲಿ ಬಿಡು.”

ಆ ಕಾಲದ ಧೂಳಂತೆ! ಈ ಕಾಲದ ಧೂಳಿಗೂ ಆ ಕಾಲದ ಧೂಳಿಗೂ ಯಾವ ವ್ಯತ್ಯಾಸವೋ ಆ ದೇವರೇ ಬಲ್ಲ. ಹಸಿದವನ ಮುಂದೆ ತಟ್ಟೆ ಇಟ್ಟು, ಮೂಸಿ ನೋಡು ಅಂದ ಹಾಗೆ. ನನ್ನ ಬೆರಳುಗಳು ಕಡಿಯುತ್ತಿದ್ದವು. ಮುಚ್ಚಿ ಕೊಡುತ್ತಿದ್ದೆ. ಅವರು ಭೂತಗನ್ನಡಿ ಕಣ್ಣಿಗೊತ್ತಿಕೊಂಡು ಡಯಲ್ ಮೇಲೆ ಅರ್ಧ ಗಂಟೆ ಪ್ರವಾಸ ಮಾಡಿ, ಮತ್ತೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಅಷ್ಟು ಹೊತ್ತು ಬಂದ ಗಿರಾಕಿಗಳು ರಸ್ತೆಯಲ್ಲಿ ನಿಂತಿರುತ್ತಿದ್ದರು.

ಈ ಹುಚ್ಚಿಗೆ ಮೂಲ ಅವರ ನೌಕರಿ ಎಂದು ನನ್ನ ಲೆಕ್ಕ. ಭಾವ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಪರೀಕ್ಷೆ ಮಾಡುವವರು. ಉದ್ದನೆಯ ತಗಡಿನ ಶೆಡ್ಡು, ಗೋಡೆಯುದ್ದಕ್ಕೂ ಸಿಮೆಂಟ್ ತೊಟ್ಟಿ, ಮೇಲೆ ಸಾಲಾಗಿ ಕೊಳವೆ. ಮನೆಮನೆಯಿಂದ ಕಿತ್ತು ತಂದ ಮೀಟರುಗಳನ್ನು ಅಲ್ಲಿ ಜೋಡಿಸಿ, ನೀರು ಹರಿಸಿ, ಅದು ಎಷ್ಟು ತೋರಿಸುತ್ತದೆ, ತೊಟ್ಟಿಯಲ್ಲಿ ಎಷ್ಟು ಬಿದ್ದಿದೆ ಎಂದು ತಾಳೆ ನೋಡುವುದು. ಮೀಟರಿನ ಮೇಲೊಂದು ಸೀಸದ ಸೀಲು ಇರುತ್ತದೆ. ಅದು ಒಡೆದಿದ್ದರೆ ಭಾವ ಪರೀಕ್ಷೆಗೇ ಹಚ್ಚುತ್ತಿರಲಿಲ್ಲ. “ಒಂದ್ಸಲ ಯಾರೋ ಕೈ ಹಾಕಿದ್ದಾರೆ ಅಂದ್ಮೇಲೆ ಅದು ಏನು ಹೇಳಿದ್ರೂ ನಾನು ನಂಬಲ್ಲ,” ಎನ್ನುತ್ತಿದ್ದರು. ಮೂವತ್ತಾರು ವರ್ಷ ಇದನ್ನೇ ಹೇಳಿ ಹೇಳಿ, ಕೊನೆಗೆ ಜಗತ್ತಿನ ಎಲ್ಲ ವಸ್ತುಗಳಿಗೂ ಒಂದು ಸೀಲು ಇದೆಯೆಂದು ನಂಬಿಬಿಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನೀರಿನ ಕಚೇರಿಯವರ ಮನೆಯ ಅಡುಗೆಮನೆ ನಲ್ಲಿ ಮಾತ್ರ ಒಂಬತ್ತು ವರ್ಷದಿಂದ ತೊಟ್ಟಿಕ್ಕುತ್ತಿದೆ, ಅದನ್ನು ಕೇಳುವವರಿಲ್ಲ.

ಇನ್ನೊಂದು ರೋಗವೂ ಆ ಶೆಡ್ಡಿನಿಂದಲೇ ಬಂದದ್ದು. ಭಾವನ ಬಾಯಲ್ಲಿ ಸುಳ್ಳು ಬರುವುದಿಲ್ಲ. ಇದನ್ನು ಗುಣ ಎನ್ನುವವರು ಅವರ ಜೊತೆ ಒಂದು ವಾರ ಇದ್ದು ನೋಡಲಿ. ನನ್ನ ಮಾವನವರು ತಮ್ಮ ಅಪ್ಪನ ಕಾಲದ ವಾಚನ್ನು ಎಲ್ಲರೆದುರು ಹೆಮ್ಮೆಯಿಂದ ತೋರಿಸಿದಾಗ, “ಡಯಲ್‌ಗೆ ಮರುಬಣ್ಣ ಬಳಿದಿದ್ದಾರೆ, ಮುಳ್ಳು ಬೇರೆ ಯಾವುದೋ ವಾಚಿಂದು,” ಎಂದು ತಣ್ಣಗೆ ಹೇಳಿದರು. ಮಾವ ಎರಡು ವರ್ಷ ಮಾತು ಬಿಟ್ಟರು, ಭಾವನ ಜೊತೆಯಲ್ಲ, ನನ್ನ ಜೊತೆ. ಅಕ್ಕ ಮೊದಲ ಸಲ ತಲೆಗೂದಲಿಗೆ ಬಣ್ಣ ಹಚ್ಚಿಕೊಂಡು “ಹೇಗಿದೆ?” ಎಂದು ಕೇಳಿದ್ದಕ್ಕೆ, “ಮೂಲ ಹೋಯ್ತಲ್ಲ,” ಎಂದರಂತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರಲ್ಲ, ಒದೆಯದೆ ಬಿಟ್ಟದ್ದು ಅಕ್ಕನ ದೊಡ್ಡತನ. ಹೇಳುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿರುವುದು ಬೇರೆ. ಮೀಟರಿನ ಮುಳ್ಳು ನಿಲ್ಲಲಿ ಎಂದು ಕಾಯುವ ಅಭ್ಯಾಸ. ಆ ಮೌನ ಶುರುವಾದರೆ ನಾವೆಲ್ಲ ಎದ್ದು ಜಾಗ ಖಾಲಿ ಮಾಡಲು ನೋಡುತ್ತಿದ್ದೆವು.

ಹದಿನಾಲ್ಕರಲ್ಲಿ ಒಂದು ವಾಚಿನ ಬಗ್ಗೆ ವಿವರವಾಗಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಭಾವ ಅದನ್ನು ಗುಜರಿ ಅಂಗಡಿಯಲ್ಲಿ ಹಿಡಿದರು. ಆ ಗುಜರಿಯವನು ಭಾವನಿಗೆ ‘ತುಕ್ಕು ಸಾಹೇಬ’ ಎಂದು ಹೆಸರಿಟ್ಟಿದ್ದ. ಯಾವುದೋ ಹಳೆಯ ಕಬ್ಬಿಣದ ಪೆಟ್ಟಿಗೆ ಅವನಲ್ಲಿಗೆ ಬಂದಿತ್ತಂತೆ, ಅದರೊಳಗೆ ಸ್ಪ್ಯಾನರು, ಹಗ್ಗ, ಒಂದು ರಬ್ಬರ್ ಕೈಗವಸು. ಗವಸಿನೊಳಗೆ ಈ ವಾಚು. ತೊಳೆಯದೆಯೇ ಇಟ್ಟದ್ದರಿಂದ ಉಪ್ಪು ಬೆಳ್ಳಗೆ ಕಲ್ಲಾಗಿ ಕೂತಿತ್ತು.

ಈ ವಾಚುಗಳ ಗಾಜಿನ ಸುತ್ತ ಒಂದು ಲೋಹದ ಬಳೆ ಇರುತ್ತದೆ, ಅದನ್ನು ಬೆರಳಲ್ಲಿ ತಿರುಗಿಸಬಹುದು. ಬಳೆಯ ಮೇಲೊಂದು ಗುರುತು. ನೀರಿಗಿಳಿಯುವವನು ಇಳಿಯುವ ಕ್ಷಣಕ್ಕೆ ಆ ಗುರುತನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ನಿಲ್ಲಿಸುತ್ತಾನೆ. ಆಮೇಲೆ ಮುಳ್ಳು ಗುರುತಿನಿಂದ ಎಷ್ಟು ದೂರ ಸರಿದಿದೆ ನೋಡಿದರೆ ಸಾಕು, ಕೆಳಗೆ ಎಷ್ಟು ನಿಮಿಷ ಕಳೆಯಿತೆಂದು ಗೊತ್ತಾಗುತ್ತದೆ. ಈ ವಾಚಿನ ಬಳೆ ಉಪ್ಪು ತಿಂದು ಕಚ್ಚಿಕೊಂಡಿತ್ತು. ಒಂದು ಕೂದಲಷ್ಟೂ ಅಲುಗುತ್ತಿರಲಿಲ್ಲ.

“ಎಣ್ಣೇಲಿ ಒಂದು ದಿನ ನೆನೆಹಾಕಿದ್ರೆ ಬಿಡುತ್ತೆ ಭಾವ,” ಎಂದಿದ್ದೆ.

“ಮುಟ್ಬೇಡ. ಬಿಟ್ಟವನು ಎಲ್ಲಿ ಬಿಟ್ನೋ ಅಲ್ಲೇ ಇರ್ಲಿ.”

“ಯಾರು ಬಿಟ್ಟಿದ್ದು? ಯಾವಾಗ? ಅದರಿಂದ ನಿಮಗೇನು?”

“ಅದು ನಂಗೆ ಗೊತ್ತಿಲ್ವಲ್ಲ. ಗೊತ್ತಿಲ್ಲ ಅಂತಾನೇ ಮುಟ್ಬೇಡ ಅಂದಿದ್ದು.”

ಇಂಥವರ ಜೊತೆ ಹೇಗೆ ವಾದ ಮಾಡುವುದು? ಭಾನುವಾರ ಬೆಳಿಗ್ಗೆ ಆ ವಾಚನ್ನು ಕಟ್ಟಿಕೊಂಡು ಅರ್ಧ ಗಂಟೆ ಕುರ್ಚಿಯಲ್ಲಿ ಕೂರುತ್ತಿದ್ದರು. ಓಡದ ವಾಚು, ತಿರುಗದ ಬಳೆ, ಈಜದ ಮನುಷ್ಯ. ಫೋಟೊ ತೆಗೆಯಲು ಯಾರನ್ನೂ ಬಿಡುತ್ತಿರಲಿಲ್ಲ, ಬೆಳಕು ಬಿದ್ದರೆ ಡಯಲ್ ಇನ್ನಷ್ಟು ಕಂದುತ್ತದಂತೆ. ನೆಂಟರು ಬಂದಾಗ ಅಕ್ಕ ಆ ಕೈಯ ಮೇಲೆ ಟವೆಲ್ ಹೊದಿಸುತ್ತಿದ್ದಳು.

ಹೋದ ವರ್ಷ ಭಾವ ನಿವೃತ್ತರಾದರು. ಕಚೇರಿಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಹತ್ತು ದಿನ ಮೊದಲು ಅಕ್ಕ ಊಟದ ಡಬ್ಬಿಯೊಳಗೆ ಹತ್ತಿ ಸುತ್ತಿ ಆ ಉಪ್ಪಿನ ವಾಚನ್ನು ನನ್ನ ಅಂಗಡಿಗೆ ತಂದಳು.

“ಲೋ, ವೇದಿಕೆ ಮೇಲೆ ಎಲ್ಲರೆದುರು ಕೂರ್ತಾರೆ ಕಣೋ. ಅವತ್ತೊಂದು ದಿನ ಆದ್ರೂ ಕೈಯಲ್ಲಿ ಓಡೋ ವಾಚ್ ಇರ್ಲಿ. ಹದಿನಾಲ್ಕರಲ್ಲಿ ಇದೇ ಅವರಿಗೆ ಪ್ರಾಣ. ಇದನ್ನೇ ಚೆನ್ನಾಗಿ ಮಾಡ್ಕೊಡು.”

“ಕೊಂದು ಹಾಕ್ತಾರೆ ಅಕ್ಕ.”

“ಕೊಲ್ಲಲ್ಲ. ಒಂದ್ಸಲ ಓಡೋದು ನೋಡಿದ್ರೆ ಖುಷಿ ಪಡ್ತಾರೆ. ನಂಗೊತ್ತು ಅವರು.”

ಮೂವತ್ತೈದು ವರ್ಷ ಸಂಸಾರ ಮಾಡಿದವಳು ‘ನಂಗೊತ್ತು’ ಎಂದಳು, ಹನ್ನೊಂದು ವರ್ಷದಿಂದ ಬೆರಳು ಕಡಿಯುತ್ತಿದ್ದ ನಾನು ನಂಬಿದೆ. ನಿಜ ಹೇಳುತ್ತೇನೆ, ನಂಬಿಕೆಯ ಪ್ರಶ್ನೆಯೇ ಇರಲಿಲ್ಲ. ಅವಳು ಬೇಡ ಎಂದಿದ್ದರೂ ಡಬ್ಬಿ ವಾಪಸು ಕೊಡುತ್ತಿದ್ದೆನೋ ಇಲ್ಲವೋ. ಅಂದು ಸಂಜೆಯೇ ಕೇಸನ್ನು ಎಣ್ಣೆಯಲ್ಲಿ ಮುಳುಗಿಸಿದೆ. ಮರುದಿನ ಬಳೆಗೆ ಸುತ್ತಲೂ ತೆಳು ಚಾಕು ಕೊಟ್ಟು ಎಬ್ಬಿಸಿದೆ. ಟಕ್ಕೆಂದು ಬಿಟ್ಟುಕೊಂಡಾಗ ಆದ ಸಂತೋಷ ಏನು ಹೇಳಲಿ! ಉಪ್ಪು ಕೆರೆದೆ, ಯಂತ್ರದಲ್ಲಿ ತೊಳೆದೆ, ಕೇಸನ್ನು ಪಾಲಿಶ್ ಚಕ್ರಕ್ಕೆ ಹಿಡಿದೆ, ಗಾಜು ಹೊಸದು ಹಾಕಿದೆ, ಮುಳ್ಳುಗಳಿಗೆ ಹಸಿರು ಬಣ್ಣ ತುಂಬಿದೆ. ಬಳೆಯ ಗುರುತಿನಲ್ಲಿ ಒಂದು ಸಣ್ಣ ಗುಳಿ ಇತ್ತು, ಅಲ್ಲಿರಬೇಕಾದ ಹೊಳೆಯುವ ಚುಕ್ಕಿ ಯಾವಾಗಲೋ ಬಿದ್ದುಹೋಗಿತ್ತು. ಅದಕ್ಕೂ ಹೊಸ ಚುಕ್ಕಿ ಕೂರಿಸಿದೆ. ಕೆಲಸವಿಲ್ಲದ ಆಚಾರಿ ಮಗುವಿನ ಕುಂಡೆ ಕೆತ್ತಿದನಂತೆ. ನನಗೆ ಕೆಲಸ ಬೇಕಾದಷ್ಟಿತ್ತು, ಅದನ್ನೆಲ್ಲ ಬದಿಗೆ ಸರಿಸಿ ಕೆತ್ತಿದೆ.

ಬೀಳ್ಕೊಡುಗೆಯ ಬೆಳಿಗ್ಗೆ ಅಕ್ಕನ ಮನೆಯಲ್ಲಿ ಭಾವ ಡಬ್ಬಿ ತೆರೆದರು. ನಾನೂ ಅಕ್ಕನೂ ಪಕ್ಕದಲ್ಲೇ ಹಲ್ಲು ಕಿರಿದುಕೊಂಡು ನಿಂತಿದ್ದೆವು. ಅವರು ವಾಚು ಕೈಗೆತ್ತಿಕೊಂಡರು. ಆ ಮೌನ ಶುರುವಾಯಿತು. ಹೆಬ್ಬೆರಳಲ್ಲಿ ಬಳೆಯನ್ನು ಸ್ವಲ್ಪ ಒತ್ತಿದರು. ಟಿಕ್ ಟಿಕ್ ಎಂದು ತಿರುಗಿತು.

“ತಿರುಗ್ತಾ ಇದೆ,” ಎಂದರು. ಅಷ್ಟೇ. ವಾಚನ್ನು ನನ್ನ ಕೈಗೆ ಕೊಟ್ಟು, ಬರಿಗೈಯಲ್ಲೇ ಬೀಳ್ಕೊಡುಗೆಗೆ ಹೋದರು.

ಆರು ವಾರ ಅಂಗಡಿ ಕಡೆ ತಲೆ ಹಾಕಲಿಲ್ಲ. ನನಗೆ ಮೊದಲ ವಾರ ಹೆದರಿಕೆ, ಎರಡನೆಯ ವಾರ ಬೇಸರ, ಮೂರನೆಯ ವಾರದಿಂದ ಕೋಪ. ಹೆಣದಂತಿದ್ದ ವಾಚಿಗೆ ಜೀವ ಕೊಟ್ಟಿದ್ದೇನೆ, ದಿನಕ್ಕೆ ಎರಡು ಸೆಕೆಂಡು ಕೂಡ ಹಿಂದೆ ಬೀಳುವುದಿಲ್ಲ, ಇದಕ್ಕೆ ಇಷ್ಟು ಮುನಿಸೇ? ಅಕ್ಕ ಅತ್ತ ಇತ್ತ ಓಡಾಡಿ, “ನೀನು ಚಿಕ್ಕವನು, ನೀನೇ ಸೋಲು,” ಎಂದು ನನಗೆ, “ಅವನು ಚಿಕ್ಕವನು, ನೀವೇ ದೊಡ್ಡ ಮನಸ್ಸು ಮಾಡಿ,” ಎಂದು ಅವರಿಗೆ ಹೇಳಿ, ಕೊನೆಗೊಂದು ಶನಿವಾರ ಮೂರಕ್ಕೆ ಸರಿಯಾಗಿ ಭಾವ ಬಂದು ಸ್ಟೂಲಿನ ಮೇಲೆ ಕೂತರು. ಕೈಯಲ್ಲಿ ಯಾವ ಗಂಟೂ ಇರಲಿಲ್ಲ. ಹವಾಮಾನದ ಬಗ್ಗೆ ಮಾತಾಡಿದರು. ಭಾವ ಹವಾಮಾನದ ಬಗ್ಗೆ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಅಂದೇ ಒಬ್ಬ ಮುದುಕ ಬಂದದ್ದು. ಎಪ್ಪತ್ತೈದು ದಾಟಿದ ವಯಸ್ಸು, ಅಗಲವಾದ ಭುಜ, ಕಿವಿ ಸ್ವಲ್ಪ ಮಂದ. ಗುಜರಿಯವನು ಕಳಿಸಿದನೆಂದರು. ರಬ್ಬರ್ ಗವಸಿನಲ್ಲಿದ್ದ ವಾಚು ತುಕ್ಕು ಸಾಹೇಬರ ಹತ್ತಿರ ಇದೆಯಂತೆ, ಅವರು ಶನಿವಾರ ಇಲ್ಲಿ ಸಿಗುತ್ತಾರಂತೆ.

“ಪೆಟ್ಟಿಗೆ ನಂದು. ಮನೆ ಬದಲಾಯಿಸುವಾಗ ಅಳಿಯ ನಂಗೆ ಹೇಳ್ದೆ ಗುಜರಿಗೆ ಹಾಕ್ಬಿಟ್ಟ. ವಾಪಸ್ ಕೇಳೋಕೆ ಬಂದಿಲ್ಲ ಸಾರ್. ಒಂದ್ಸಲ ನೋಡ್ಬೇಕಿತ್ತು, ಅಷ್ಟೇ.”

ವಾಚು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ತೆಗೆದು ಕೊಟ್ಟೆ. ಸುಳ್ಳೇಕೆ, ಸ್ವಲ್ಪ ಬೀಗುತ್ತಲೇ ಕೊಟ್ಟೆ. ಇವರಾದರೂ ನನ್ನ ಕೆಲಸಕ್ಕೆ ಬೆಲೆ ಕೊಡುತ್ತಾರೆ ಎನಿಸಿತ್ತು.

“ಇದಲ್ಲ,” ಎಂದರು.

“ಇದೇ ಯಜಮಾನ್ರೇ. ಸರ್ವಿಸ್ ಮಾಡಿದ್ದೀನಿ, ಅದಕ್ಕೆ ಹಾಗೆ ಕಾಣ್ತಿದೆ.”

ಅವರು ಪಕ್ಕಕ್ಕೆ ತಿರುಗಿಸಿ ನೋಡಿದರು. ಕೇಸಿನ ಬದಿಯಲ್ಲೊಂದು ಆಳವಾದ ಗಾಯವಿತ್ತು, ಪಾಲಿಶ್ ಚಕ್ರಕ್ಕೂ ಸಿಗದಷ್ಟು ಆಳ. “ಹೌದು. ಇದು ದೋಣಿ ಏಣಿಗೆ ಬಡಿದಿದ್ದು,” ಎಂದು ತಮಗೇ ಹೇಳಿಕೊಂಡರು. ಆಮೇಲೆ ಹೆಬ್ಬೆರಳು ಬಳೆಯ ಮೇಲೆ ಬಂತು. ಟಿಕ್ ಎಂದಿತು. ಅವರು ಮೇಜಿನ ಅಂಚು ಹಿಡಿದುಕೊಂಡರು. ಭಾವ ಎದ್ದು ಸ್ಟೂಲು ಕೊಟ್ಟರು.

ಅವರು ಕೂತು ಹೇಳಿದ್ದು ಇಷ್ಟು. ಮೂವತ್ತನಾಲ್ಕು ವರ್ಷದ ಹಿಂದೆ ಅವರೂ ಅವರ ಜೊತೆಗಾರನೂ ಹಡಗುಗಳ ತಳ ಕೆರೆಯುವ, ಹಡಗು ನೂಕುವ ಪಂಖದ ರೆಕ್ಕೆಗೆ ಸುತ್ತಿಕೊಂಡ ಹಗ್ಗ ಬಿಡಿಸುವ ಕೆಲಸದಲ್ಲಿದ್ದರು. ಆ ಆಳಕ್ಕೆ ಇಪ್ಪತ್ತೈದು ನಿಮಿಷ, ಅದಕ್ಕಿಂತ ಹೆಚ್ಚು ಇದ್ದರೆ ಮೇಲೆ ಬಂದ ಮೇಲೆ ಜೀವಕ್ಕೇ ಅಪಾಯ. ಜೊತೆಗಾರನ ಹತ್ತಿರ ವಾಚಿರಲಿಲ್ಲ. ಹೊತ್ತು ನೋಡಿ ಬೆನ್ನು ತಟ್ಟಿ ಮೇಲಕ್ಕೆ ಕರೆದೊಯ್ಯುವುದು ಇವರ ಪಾಲಿನ ಕೆಲಸ. ಅಂದು ಹತ್ತು ಐವತ್ತಕ್ಕೆ ಇಬ್ಬರೂ ಮೇಲೆ ಬಂದರು. ದೋಣಿಯಲ್ಲಿ ಜೊತೆಗಾರ ಕುಸಿದ, ಸಂಜೆಗೆ ಸತ್ತ. ದೋಣಿಯ ಗುಮಾಸ್ತ ಬರೆದ ಪುಸ್ತಕದಲ್ಲಿ, ಇಳಿದದ್ದು ಹತ್ತು ಐದಕ್ಕೆ ಎಂದಿತ್ತು. ಅಂದರೆ ನಲವತ್ತೈದು ನಿಮಿಷ. ಇಪ್ಪತ್ತು ನಿಮಿಷ ಹೆಚ್ಚು.

“ನಾನು ಹತ್ತು ಇಪ್ಪತ್ತೈದಕ್ಕೆ ಇಳಿದಿದ್ದು ಅಂತ ನಂಗೆ ನೆನಪು. ಬಳೆ ತಿರುಗಿಸಿದ್ದು ನೆನಪಿದೆ. ಆದ್ರೆ ಎಲ್ಲರೂ ಪುಸ್ತಕ ತೋರಿಸಿ ತೋರಿಸಿ, ಒಂದು ವಾರದಲ್ಲಿ ನಂಗೇ ಗೊತ್ತಿಲ್ದಂಗೆ ಆಯ್ತು. ವಾಚಲ್ಲಿ ಗುರುತು ಎಲ್ಲಿದೆ ನೋಡಿದ್ರೆ ಮುಗೀತಿತ್ತು. ನೋಡ್ಲಿಲ್ಲ. ಅವತ್ತೇ ಗವಸಿಗೆ ತುರುಕಿ ಪೆಟ್ಟಿಗೆಗೆ ಹಾಕ್ದೆ. ಗುರುತು ಐದನೇ ನಿಮಿಷದ ಮೇಲಿದ್ರೆ ಏನ್ ಮಾಡ್ಲಿ ಅಂತ ಭಯ.”

“ಈಗ್ಯಾಕೆ ಯಜಮಾನ್ರೇ?” ಎಂದೆ.

“ಅವನ ಹೆಂಡ್ತಿ ನಮ್ಮ ಬೀದೀಲೇ ಇರೋದು. ಎದುರು ಸಾಲು. ಮೂವತ್ನಾಕು ವರ್ಷದಲ್ಲಿ ಆ ಮನೆ ಮುಂದೆ ನಾನು ಹಾದಿಲ್ಲ, ಸುತ್ತು ಹಾಕ್ಕೊಂಡು ಹೋಗ್ತೀನಿ. ಅವಳು ಒಂದು ದಿನ ಒಂದು ಮಾತು ಅಂದಿಲ್ಲ. ಈಗ ಹಾಸಿಗೆ ಹಿಡಿದಿದ್ದಾಳೆ, ಇನ್ನು ಬಹಳ ದಿನ ಇಲ್ಲ ಅಂತಾರೆ. ಗುರುತು ಇಪ್ಪತ್ತೈದರ ಮೇಲಿದ್ರೆ ಹೋಗಿ ಹೇಳ್ತೀನಿ, ನಾನು ಹೊತ್ತು ಮೀರಿಲ್ಲ ತಾಯಿ ಅಂತ. ಐದರ ಮೇಲಿದ್ರೆ ಕಾಲು ಹಿಡ್ಕೋತೀನಿ. ಎರಡರಲ್ಲಿ ಒಂದು ನಿಜ ಆಗ್ಬೇಕಲ್ಲ ಸಾರ್. ಏನೂ ಗೊತ್ತಿಲ್ದೆ ಹೇಗೆ ಹೋಗ್ಲಿ?”

ಆಮೇಲೆ ನನ್ನ ಕಡೆ ತಿರುಗಿದರು. “ಬಿಚ್ಚಿದವರು ನೀವಲ್ವಾ? ನಿಮ್ಮ ಕೈಗೆ ಬಂದಾಗ ಗುರುತು ಎಲ್ಲಿತ್ತು?”

ನಾನು ನೋಡಿರಲಿಲ್ಲ. ಮೂವತ್ತೊಂದು ವರ್ಷದ ಅನುಭವ, ಕಣ್ಣಿಗೆ ಹತ್ತು ಪಟ್ಟು ದೊಡ್ಡದು ಮಾಡುವ ಗಾಜು, ತಲೆಯ ಮೇಲೆ ದೀಪ, ಇಷ್ಟೆಲ್ಲ ಇದ್ದೂ ನೋಡಿರಲಿಲ್ಲ. ಕಚ್ಚಿಕೊಂಡ ಬಳೆಯನ್ನು ಬಿಡಿಸುವುದೊಂದೇ ನನಗೆ ಬೇಕಿದ್ದದ್ದು, ಅದು ಎಲ್ಲಿ ಕಚ್ಚಿಕೊಂಡಿದೆ ಎಂಬುದು ಯಾರಿಗೆ ಬೇಕಿತ್ತು?

ಪಕ್ಕದಲ್ಲಿ ಭಾವ ಸುಮ್ಮನಾಗಿದ್ದರು. ಅದೇ ಮೌನ. ನನಗೆ ಗೊತ್ತು, ಇನ್ನು ಎರಡು ಕ್ಷಣಕ್ಕೆ ಬಾಯಿ ತೆರೆದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಐದರ ಮೇಲಿದ್ದರೆ ಐದು ಎನ್ನುತ್ತಾರೆ. ಎದುರಿಗಿರುವವರು ಮುದುಕ, ನಡುಗುತ್ತಿದ್ದಾರೆ ಎಂದು ನೋಡುವ ಜನ್ಮವೇ ಅಲ್ಲ. “ಅದು...” ಎಂದು ಭಾವ ಶುರು ಮಾಡಿದರು. ನಾನು ಅವರ ಮಾತಿನ ಮೇಲೆ ಬಿದ್ದೆ.

“ಇಪ್ಪತ್ತೈದರ ಮೇಲೆ!” ಎಂದೆ. “ನಾನೇ ನೋಡಿದ್ದೀನಿ ಯಜಮಾನ್ರೇ. ಸರಿಯಾಗಿ ಇಪ್ಪತ್ತೈದು.”

ಮುದುಕ ನನ್ನ ಮುಖವನ್ನೇ ನೋಡುತ್ತ ಕೂತರು. “ಹೌದಾ. ಗುರುತಲ್ಲಿ ಹೊಳೆಯೋ ಚುಕ್ಕಿ ಇತ್ತಲ್ಲ, ಅದು ಹಳದಿಯಾಗಿತ್ತಾ, ಹಸಿರಾಗೇ ಇತ್ತಾ?”

“ಹಳದಿಯಾಗಿತ್ತು,” ಎಂದೆ. ಗುಳಿಗೆ ಹೊಸ ಚುಕ್ಕಿ ಕೂರಿಸಿದ ಇದೇ ಕೈ, ಇದೇ ಬಾಯಿ. ಸುಳ್ಳಿನ ಅವಸರದಲ್ಲಿ ಅದೂ ಮರೆತಿತ್ತು. “ಸ್ವಲ್ಪ ಹಳದಿ.”

“ಅದು ಕೊಂಡ ಎರಡನೇ ವರ್ಷಾನೇ ಬಿದ್ದೋಗಿತ್ತು,” ಎಂದರು ಅವರು, ಕೋಪವೇನೂ ಇಲ್ಲದೆ.

ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಭಾವ ನನ್ನ ಕಡೆ ನೋಡಲೂ ಇಲ್ಲ. ಮುದುಕರ ಎದುರಿಗೆ ಬಂದು ನಿಂತು, ಮಂದ ಕಿವಿಗೆ ಕೇಳಲೆಂದು ಗಟ್ಟಿಯಾಗಿ ಹೇಳಿದರು. “ಇವನು ನೋಡಿಲ್ಲ. ನಾನು ನೋಡಿದ್ದೀನಿ. ಹನ್ನೊಂದು ವರ್ಷ ವಾರ ವಾರ ನೋಡಿದ್ದೀನಿ. ಚುಕ್ಕಿ ಇರ್ಲಿಲ್ಲ, ಬರೀ ಗುಳಿ. ಆ ಗುಳಿ ಇಪ್ಪತ್ತೈದರ ಗೆರೆ ಮೇಲೆ, ಒಂದು ಕೂದಲೆಳೆ ಹಿಂದೆ. ಇಪ್ಪತ್ತನಾಲ್ಕೂವರೆ ಅನ್ನಬಹುದು. ಐದರ ಹತ್ತಿರ ಎಲ್ಲೂ ಇರ್ಲಿಲ್ಲ.”

ಒಂದು ಕೂದಲೆಳೆ ಹಿಂದೆ! ಸುಳ್ಳು ಹೇಳುವವನು ಕೂದಲೆಳೆಯನ್ನು ಎಣಿಸುತ್ತಾನೆಯೇ? ಭಾವನನ್ನು ಬಲ್ಲ ಯಾರಿಗಾದರೂ ಅಷ್ಟೇ ಸಾಕಾಗಿತ್ತು, ನನ್ನ ಮಾವನವರೂ ಒಪ್ಪುತ್ತಿದ್ದರು. ಮುದುಕರಿಗೆ ಭಾವ ಯಾರು? ಒಂದು ನಿಮಿಷದ ಹಿಂದೆ ಕಣ್ಣೆದುರೇ ಸುಳ್ಳು ಹೇಳಿದವನ ಅಕ್ಕನ ಗಂಡ. ಹೇಳುತ್ತಿರುವುದೂ ಅದೇ ಸಂಖ್ಯೆ. ಚುಕ್ಕಿ ಬಿದ್ದುಹೋದ ವಿಷಯವನ್ನು ಮುದುಕರೇ ಆಗಷ್ಟೇ ಬಾಯಿಬಿಟ್ಟಿದ್ದರು.

“ಏನಾದ್ರೂ ಫೋಟೊ ಇದ್ಯಾ ಸಾರ್?” ಎಂದರು.

ನಾನು ಅಕ್ಕನಿಗೆ ಫೋನ್ ಮಾಡಿದೆ. ಕೂಗಾಡಿದೆ ಎನ್ನುವುದು ಹೆಚ್ಚು ಸರಿ. ಅವಳು ಪಾಪ ಏನೂ ಅರ್ಥವಾಗದೆ ತನ್ನ ಫೋನನ್ನೆಲ್ಲ ಜಾಲಾಡಿ, ಕಾಲು ಗಂಟೆಯ ಮೇಲೆ ಒಂದು ಚಿತ್ರ ಕಳಿಸಿದಳು. ಯಾವುದೋ ಭಾನುವಾರ ಭಾವ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾರೆ, ಎಡಗೈ ಹೊಟ್ಟೆಯ ಮೇಲಿದೆ. ಮೂವರೂ ದೀಪದ ಕೆಳಗೆ ತಲೆ ಸೇರಿಸಿದೆವು. ಕೈಯ ಮೇಲೆ ಟವೆಲ್ ಇತ್ತು.

ಮುದುಕ ಎದ್ದರು. ವಾಚನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟರು. ತೆಗೆದುಕೊಂಡು ಹೋಗಿ, ನಿಮ್ಮದೇ, ಎಂದು ಭಾವ ಎರಡೆರಡು ಸಲ ಹೇಳಿದರು. ಅವರು ಬೇಡವೆಂದು ತಲೆಯಾಡಿಸಿದರು. ಭಾವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ಒಳ್ಳೆ ಮನಸ್ಸು ಸಾರ್ ನಿಮ್ಮದು. ಇಬ್ಬರದೂ. ನೊಂದವನಿಗೆ ಒಂದು ಸಮಾಧಾನ ಹೇಳ್ಬೇಕು ಅಂತ ಯಾರಿಗೆ ಅನ್ಸುತ್ತೆ ಈ ಕಾಲದಲ್ಲಿ?”

“ಸಮಾಧಾನಕ್ಕೆ ಹೇಳ್ತಾ ಇಲ್ಲ!” ಎಂದು ಭಾವ ಕಿರುಚಿದರು. ಅವರು ಕಿರುಚಿದ್ದನ್ನು ನಾನು ಕೇಳಿರಲಿಲ್ಲ. “ನಾನು ಸುಳ್ಳು ಹೇಳೋನಲ್ಲ. ಬೇಕಿದ್ರೆ ನನ್ನ ಹೆಂಡ್ತೀನ ಕೇಳಿ, ಕಚೇರೀಲಿ ಕೇಳಿ. ನಾನೇ ನಿಮ್ಮ ಜೊತೆ ಬಂದು ಆ ತಾಯಿಗೆ ಹೇಳ್ತೀನಿ.”

“ಏನಂತ ಹೇಳ್ತೀರಿ? ವಾಚ್ ರಿಪೇರಿ ಅಂಗಡೀಲಿ ಹೇಳಿದ್ರು ಅಂತಾನಾ?” ಮುದುಕ ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ, ಅದೇ ನನ್ನನ್ನು ಕೊಂದದ್ದು. “ಮೂವತ್ನಾಕು ವರ್ಷದಿಂದ ಎಲ್ಲಾ ಒಳ್ಳೆಯವರೂ ನಂಗೆ ಇದನ್ನೇ ಹೇಳಿದ್ದಾರೆ ಸಾರ್, ನಿನ್ನ ತಪ್ಪಿಲ್ಲ ಅಂತ. ವಾಚು ಯಾರ ಮುಖಾನೂ ನೋಡಿ ಹೇಳಲ್ವಲ್ಲ, ಅದಕ್ಕೇ ಹುಡುಕ್ಕೊಂಡು ಬಂದೆ.”

ಔಷಧಿ ಅಂಗಡಿಯವರೆಗೆ ಭಾವ ಅವರ ಹಿಂದೆ ಹೋದರು. ಏನೋ ಹೇಳುತ್ತಿದ್ದರು, ಕೈಯಲ್ಲಿ ಗೆರೆ ತೋರಿಸುತ್ತಿದ್ದರು, ಅವರು ‘ಆಯ್ತು ಆಯ್ತು’ ಎಂದು ಭುಜ ತಟ್ಟಿ ಮುಂದೆ ನಡೆದರು. ಜೀವಮಾನವಿಡೀ ಕಟುಕ, ಕಲ್ಲುಮನಸ್ಸಿನವನು ಎಂದು ಎಲ್ಲರಿಂದ ಅನಿಸಿಕೊಂಡ ಮನುಷ್ಯ. ಮೊದಲ ಬಾರಿಗೆ ಒಬ್ಬರು ಒಳ್ಳೆಯ ಮನಸ್ಸು ಎಂದರು, ಅದೂ ಆಡದ ಸುಳ್ಳಿಗೆ.

ಹಿಂದಿರುಗಿ ಬಂದು ಸ್ಟೂಲಿನ ಮೇಲೆ ಕೂತರು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು, ಒಂದು ಫೋಟೊ ತೆಗೆದಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಬಹುದಿತ್ತು. ಅವರು ಬೈಯಲಿಲ್ಲ. ಮೇಜಿನ ಮೇಲೆ ಓಡುತ್ತಿದ್ದ ವಾಚನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇಪ್ಪತ್ತೈದರ ಮೇಲೇ ಇತ್ತು ಕಣಯ್ಯಾ,” ಎಂದರು ಕೊನೆಗೆ, ನಾನೂ ನಂಬಿಲ್ಲವೇನೋ ಎಂಬಂತೆ.

“ಗೊತ್ತು ಭಾವ,” ಎಂದೆ. ನನಗೆ ಗೊತ್ತಾಗಿ ಯಾರಿಗೇನು ಬಂತು.